ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ಆಮೇಲೆ ಸಿಟ್ಟು

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನರಿಗೆ 52 ವರ್ಷ, ಶುಗರ್ ಬಂದು 15 ವರ್ಷ. ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಒಂದು ವರ್ಷದಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ವಾಕರಿಕೆ ಬೇರೆ. ರಾತ್ರಿಯ ಊಟ ಬೆಳಗ್ಗೆ ತೇಗಿನಲ್ಲಿ ಬರುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲೆ. ಊಟವಾಗಿ ಒಂದು ಗಂಟೆಗೆ ಬೆವರು, ಸುಮ್ನೆ ರೇಗಾಟ. ಎಂಡೋಸ್ಕೋಪಿ ನಾರ್ಮಲ್. ‘ಟೆನ್ಷನ್ ಬಿಡಿ’ ಅಂದು ಕಳಿಸಿದರು. ಬರೀ ಮನಸ್ಸಿನದ್ದೇನಾ?

ಉತ್ತರ: ಅಲ್ಲಮ್ಮ, ನನಗೆ ಹಾಗನ್ನಿಸುವುದಿಲ್ಲ. ಹಳೇ ಶುಗರ್ ಕಾಲಿನ ನರದಂತೆ ಹೊಟ್ಟೆಯ ನರವನ್ನೂ ಕೆಡಿಸುತ್ತದೆ. ಹೊಟ್ಟೆಯನ್ನು ಅರೆಯಿಸುವುದು ವೇಗಸ್ ನರ. ಅದು ಸೋತರೆ ಅನ್ನ ಮುಂದೆ ಹೋಗದೆ ಅಲ್ಲೇ ಕೂರುತ್ತದೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣುತ್ತದೆ, ನಿಧಾನ ಕಾಣುವುದಿಲ್ಲ. ಅದಕ್ಕೆ, ತಿಂದದ್ದು ಹೊಟ್ಟೆಯಿಂದ ಎಷ್ಟು ಬೇಗ ಖಾಲಿಯಾಗುತ್ತದೆ ಅಂತ 4 ಗಂಟೆ ಕಾಲ ನೋಡುವ ಸ್ಕ್ಯಾನ್ ಬೇರೆ ಇದೆ.

ರೇಗಾಟದ ವಿಷಯಕ್ಕೆ ಬರೋಣ. ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡುತ್ತದೆ, ಅನ್ನ ಇನ್ನೂ ಹೊಟ್ಟೆಯಲ್ಲೇ. ಶುಗರ್ ಕುಸಿಯುತ್ತದೆ. ಬೆವರು, ನಡುಕ, ಸಿಟ್ಟು ಅದರಿಂದಲೇ ಬರಬಹುದು. ಮನೆಯವರು ಅದನ್ನು ಸ್ವಭಾವ ಅಂದುಕೊಳ್ಳುತ್ತಾರೆ, ಪಾಪ. ರೇಗಿದಾಗ ವಾದ ಬೇಡ, ಮೊದಲು ಮೀಟರ್ ಹಿಡಿಯಿರಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಬಿಸ್ಕತ್ತು ಕೊಟ್ಟರೆ ಅದೂ ಹೊಟ್ಟೆಯಲ್ಲೇ ಕೂರುತ್ತದೆ!

ಮಲಗಿದಾಗ, ಆಮೇಲೆ ನಿಂತು 3 ನಿಮಿಷದೊಳಗೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಇಳಿದರೆ ಕಣ್ಣು ಕತ್ತಲೆಗೂ ಶುಗರ್‌ನಿಂದ ಕೆಟ್ಟ ನರಗಳೇ ಕಾರಣವಿರಬಹುದು. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗುತ್ತಿದ್ದರೆ, ನರಕ್ಕೆ ಬೇಕಾದ ಬಿ12 ವಿಟಮಿನ್ ಕಡಿಮೆಯಾಗಿರಬಹುದು, ಅದನ್ನೂ ನೋಡಿಸಿ.

ಪ್ರಶ್ನೆ: ಶುಗರ್‌ಗೆ ಒಳ್ಳೇದು ಅಂತ ಮುದ್ದೆ, ಸೊಪ್ಪು, ಮೊಳಕೆಕಾಳು ಜಾಸ್ತಿ ಮಾಡಿದ್ದೆನಲ್ಲ?

ಉತ್ತರ: ಬೇರೆಯವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇವರಿಗೆ ನಾರು, ಎಣ್ಣೆ ಎರಡೂ ಭಾರ. ಮೆತ್ತಗೆ ಬೆಂದ ಅನ್ನ, ತಿಳಿಸಾರು, ತೆಳ್ಳನೆ ಗಂಜಿ, ಮಜ್ಜಿಗೆ. ದಿನಕ್ಕೆ 5–6 ಸಲ, ಸ್ವಲ್ಪ ಸ್ವಲ್ಪ. ಊಟವಾದ ಮೇಲೆ ಮಲಗುವುದು ಬೇಡ.

ಇನ್ನೊಬ್ಬರು: ನನಗೂ ಇದೇ. ಹೊಟ್ಟೆ ಬೇಗ ಖಾಲಿಯಾಗಲಿ ಅಂತ ಕೊಡುವ ಮೆಟೊಕ್ಲೋಪ್ರಮೈಡ್ ಮಾತ್ರೆ ಆರು ತಿಂಗಳಿಂದ ನುಂಗುತ್ತಿದ್ದೇನೆ. ಯಾಕೋ ಬೇಜಾರು, ಯಾವುದೂ ಬೇಡ ಅನ್ನಿಸುತ್ತದೆ.

ಉತ್ತರ: ಈ ವಾರವೇ ನಿಮ್ಮ ವೈದ್ಯರಿಗೆ ಹೇಳಿ. ಆ ಮಾತ್ರೆ ಸಾಮಾನ್ಯವಾಗಿ 12 ವಾರ ದಾಟಬಾರದು. ಮನಸ್ಸು ಕುಗ್ಗಿಸುತ್ತದೆ, ಬಾಯಿ-ನಾಲಿಗೆ ತಾನಾಗಿ ಅಲ್ಲಾಡುವ ತೊಂದರೆಯೂ ಬರಬಹುದು.

ಮೊದಲ ಪ್ರಶ್ನೆಯವರು: ಡಾಕ್ಟ್ರೇ, ನಿನ್ನೆ ಸಾರಿಗೆ ಉಪ್ಪಿಲ್ಲ ಅಂತ ಕೂಗಾಡಿದರು. ಮೀಟರ್‌ನಲ್ಲಿ 58.

ಉತ್ತರ: ಹೊತ್ತು, ಊಟ, ಅಂಕಿ ಎಲ್ಲ ಬರೆದಿಡಿ. ಇನ್ಸುಲಿನ್ ನೀವೇ ಬದಲಿಸಬೇಡಿ. ಆ ಚೀಟಿ ಹಿಡಿದು ನಾಳೆಯೇ ನಿಮ್ಮ ಶುಗರ್ ಡಾಕ್ಟರ್ ಹತ್ತಿರ ಹೋಗಿ.