ಸಾಕಿದ ಜಿರಳೆಗೆ ಚಳಿಗಾಲದ ಕಾವು: ಯಾವ ಹೀಟರ್, ಎಲ್ಲಿ ಅಂಟಿಸೋದು?

ಪ್ರಶ್ನೆ, ಮಿನಿಯಾಪೊಲಿಸ್‌ನಿಂದ

ನಗಬೇಡಿ. ಬೆಂಗಳೂರಲ್ಲಿ ಚಪ್ಪಲಿ ಹಿಡಿದು ಜಿರಳೆ ಅಟ್ಟಿಸಿಕೊಂಡು ಹೋಗುತ್ತಿದ್ದವಳು ನಾನು. ಈಗ ಅದೇ ಜಿರಳೆಗೆ ಚಳಿಯಾಗುತ್ತಿದೆಯಾ ಅಂತ ಕೇಳುತ್ತಿದ್ದೇನೆ. ಮಗನ ಟೀಚರ್ ಹನ್ನೆರಡು ಮಡಗಾಸ್ಕರ್ ಬುಸುಗುಡುವ ಜಿರಳೆ ಕೊಟ್ಟಿದ್ದಾರೆ. ಹತ್ತು ಗ್ಯಾಲನ್ನಿನ ಗಾಜಿನ ತೊಟ್ಟಿ, ತಳದಲ್ಲಿ ತೆಂಗಿನ ನಾರಿನ ಪುಡಿ, ಅಡಗಲು ರಟ್ಟಿನ ಮೊಟ್ಟೆ ಟ್ರೇ. ಹೊರಗೆ ಮೈನಸ್ 20. ಮನೆಯೊಳಗೆ ರಾತ್ರಿ 17 ಡಿಗ್ರಿಗೆ ಇಳಿಸುತ್ತೇವೆ. ಎರಡು ವಾರದಿಂದ ಕ್ಯಾರೆಟ್ ಹಾಕಿದ್ದು ಹಾಕಿದಂತೆ ಉಳಿಯುತ್ತಿದೆ, ಮುಟ್ಟಿದರೆ ಬುಸ್ ಅನ್ನೋದೂ ನಿಂತಿದೆ. ಅಂಗಡಿಯಲ್ಲಿ ಕೆಂಪು ಬಲ್ಬು, ತಳಕ್ಕೆ ಅಂಟಿಸುವ ಮ್ಯಾಟು, ಬಿಸಿಯಾಗುವ ಕಲ್ಲು, ಪಿಂಗಾಣಿ ಹೀಟರು ಎಲ್ಲಾ ತೋರಿಸಿದರು. ನನ್ನ ಭಯ ಬೆಂಕಿಯದು, ಮನೆ ಪೂರ್ತಿ ಮರದ್ದು. ಸಾಕಿ ಗೊತ್ತಿರುವವರು ಹೇಳಿ.

ಮಿಷಿಗನ್‌ನಿಂದ

ನಾನು ಶಿಡ್ಲಘಟ್ಟದ ಕಡೆಯವಳು, ರೇಷ್ಮೆ ಹುಳದ ತಟ್ಟೆ ನೋಡಿಕೊಂಡೇ ಬೆಳೆದದ್ದು. ಚಾಕಿ ಹುಳಕ್ಕೆ, ಅಂದರೆ ಇನ್ನೂ ಎಳೆಯ ಹುಳಕ್ಕೆ, 27-28 ಡಿಗ್ರಿ ಬೇಕು, ಹುಳು ದೊಡ್ಡದಾದ ಮೇಲೆ 24-25 ಸಾಕು. ಚಳಿಗಾಲದಲ್ಲಿ ಅಜ್ಜಿ ಮನೆಯ ಮೂಲೆಯಲ್ಲಿ ಇದ್ದಿಲ ಒಲೆ ಇಡೋರು, ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಡೋರು. ಒಲೆಯನ್ನು ತಟ್ಟೆಯ ಕೆಳಗೆ ಮಾತ್ರ ಯಾವತ್ತೂ ಇಡಲಿಲ್ಲ. ನಾನು ಜಿರಳೆ ಸಾಕೋಕೆ ಶುರು ಮಾಡಿದಾಗ ಆ ಬುದ್ಧಿ ಬರಲಿಲ್ಲ ನೋಡಿ, ಸೀದಾ ತಳಕ್ಕೇ ಮ್ಯಾಟ್ ಅಂಟಿಸಿದೆ.

ತಪ್ಪು ಎಲ್ಲಿ ಅಂದರೆ, ಸೆಕೆಯಾದಾಗ ಈ ಹುಳುಗಳು ಕೆಳಕ್ಕೆ, ಕತ್ತಲಿಗೆ ನುಗ್ಗುತ್ತವೆ. ಕಾಡಿನಲ್ಲಿ ಬಿದ್ದ ಎಲೆ, ಮರದ ಕೆಳಗೆ ತಂಪಿರುತ್ತದೆ. ನಮ್ಮ ತೊಟ್ಟಿಯಲ್ಲಿ ಕೆಳಗೇ ಕಾವಲಿ. ಮೇಲೆ ಎರಡು ಇಂಚು ನಾರಿನ ಪುಡಿ ಕಂಬಳಿ ಹೊದಿಸಿದ ಹಾಗೆ ಕೂತಿರುವುದರಿಂದ ಕಾವು ಮೇಲೆ ಬರದೆ ಅಲ್ಲೇ ಏರುತ್ತದೆ. ಗಾಜು ಬಿರಿದದ್ದನ್ನೂ ಕಂಡಿದ್ದೇನೆ. ಈಗ ನನ್ನದು 8 ವ್ಯಾಟಿನ ಸಣ್ಣ ಮ್ಯಾಟು, ತೊಟ್ಟಿಯ ಒಂದು ಪಕ್ಕದ ಗೋಡೆಗೆ, ಹೊರಗಡೆಯಿಂದ, ಪುಡಿಯ ಮಟ್ಟಕ್ಕಿಂತ ಮೇಲೆ. ಆ ಪಕ್ಕ 28-29, ಎದುರು ಪಕ್ಕ 22-23. ಎಲ್ಲಿ ಕೂರಬೇಕು ಅನ್ನೋದು ಅವುಗಳ ಇಷ್ಟ. ಟ್ರೇಗಳನ್ನು ಕಾವಿನ ಕಡೆಯಿಂದ ತಂಪಿನ ಕಡೆವರೆಗೆ ಉದ್ದಕ್ಕೆ ನಿಲ್ಲಿಸಿ. ಅಡಗಿಕೊಂಡೇ ಜಾಗ ಬದಲಿಸಲಿ. ಆದರೆ ರಟ್ಟು ಮ್ಯಾಟ್ ಇರುವ ಗಾಜಿಗೆ ತಾಗಬಾರದು.

ಥರ್ಮೋಸ್ಟಾಟ್, ಅಂದರೆ ಕಾವು ನೋಡಿಕೊಂಡು ಹೀಟರನ್ನು ಹತೋಟಿಯಲ್ಲಿಡುವ ಸಾಧನ, ಇಲ್ಲದೆ ಯಾವ ಹೀಟರನ್ನೂ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ. ದುಡ್ಡು ಉಳಿಸುವುದಿದ್ದರೆ ಮ್ಯಾಟಿನಲ್ಲಿ ಉಳಿಸಿ, ಇದರಲ್ಲಿ ಬೇಡ. ಮ್ಯಾಟಿಗೆ ಆನ್-ಆಫ್ ಆಗುವ ಸಾದಾದ್ದು ಸಾಕು. ಬಿಸಿ ಕಲ್ಲು ಬೇಡವೇ ಬೇಡ, ಒಂದೊಂದು ಕಡೆ ಒಂದೊಂದು ಥರ ಕಾಯುತ್ತದೆ. ಬಲ್ಬೂ ಬೇಡ, ಇವು ರಾತ್ರಿ ಓಡಾಡುವ ಜೀವ, ಜತೆಗೆ ಬಲ್ಬು ತೇವವನ್ನೆಲ್ಲ ಹೀರುತ್ತದೆ. ಪಿಂಗಾಣಿ ಹೀಟರಿಗೆ ಬೆಳಕಿಲ್ಲ ನಿಜ, ಆದರೆ ಕೈ ತಾಗಿದರೆ ಬೊಬ್ಬೆ. ಅದಕ್ಕೆ ಪಿಂಗಾಣಿಯ ಹೋಲ್ಡರೇ ಬೇಕು, ಪ್ಲಾಸ್ಟಿಕ್ಕಿನದು ಕರಗುತ್ತದೆ. ಹತ್ತು ಗ್ಯಾಲನ್ ತೊಟ್ಟಿಗೆ ಅಷ್ಟೆಲ್ಲ ಯಾಕೆ?

ಕಾವು ಕೊಟ್ಟರೆ ನೀರೂ ಕೊಡಬೇಕು. ಒಂದು ಮೂಲೆಯ ಪುಡಿಗೆ ದಿನ ಬಿಟ್ಟು ದಿನ ನೀರು ಚಿಮುಕಿಸಿ. ಒಣಗಿದರೆ ಪೊರೆ ಬಿಡುವಾಗ ಕಾಲು ಸಿಕ್ಕಿಕೊಳ್ಳುತ್ತದೆ. ಪೊರೆ ಬಿಟ್ಟದ್ದು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಹೆದರಬೇಡಿ, ಕೆಲವು ಗಂಟೆಯಲ್ಲಿ ಕಂದಾಗುತ್ತದೆ. ನಮ್ಮಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ, "ಇದು ಯಾವ ಜ್ವರ ಎದ್ದಿರೋದು, ಮೂರನೇದಾ?" ಅಂತ ಕೇಳಿದರು. ರೇಷ್ಮೆಯವರಿಗೆ ಪೊರೆ ಬಿಡೋದು ಅಂದರೆ ಜ್ವರವೇ.

ಲೆಸ್ಟರ್‌ನಿಂದ

ನಾ ಧಾರವಾಡದಾಂವ. ಎಲ್ಲಾರೂ ಯಾವ ಹೀಟರ್ ಅಂತ ಹೇಳಾಕತ್ತೀರಿ, ಬೇಕೋ ಬ್ಯಾಡೋ ಯಾರೂ ಕೇಳವಲ್ರಿ. ನಮ್ಮ ಮನ್ಯಾಗ ಇದ ಜಾತಿ ಜೊಂಡಿಗ್ಯಾ ಎರಡು ವರ್ಷದಿಂದ ಅದಾವ, ಹೀಟರ್ ಹಚ್ಚೇ ಇಲ್ಲ. ಮನಿ 20-21 ಇರತೈತಿ. ಆರಾಮ ಅದಾವ, ಸ್ವಲ್ಪ ಸಾವಕಾಶ ಅಷ್ಟ. ಮರಿ ಹಾಕಿಲ್ಲ, ನನಗ ಅದ ಬೇಕಾಗಿತ್ತು! 25ರ ಮ್ಯಾಲೆ ಕಾಸಿದ್ರ ಒಂದೊಂದು ಹೆಣ್ಣು ಒಮ್ಮೆಗೆ ಇಪ್ಪತ್ತು-ಮೂವತ್ತು ಮರಿ ಇಳಸ್ತಾವ. ಕಾಸೂಕಿಂತ ಮೊದಲ ಅಷ್ಟು ಮರಿ ಯಾರಿಗೆ ಕೊಡ್ತೀರಿ ನೋಡ್ಕೊಳ್ರಿ, ಅಕ್ಕಾರ. ಆದ್ರ 17 ಅಂದ್ರ ಕಡಿಮಿ ಆತು, ಅದನ್ನ ಒಪ್ಪತೀನಿ. ತೊಟ್ಟಿ ಕಿಟಕಿ ಬಾಜೂಕ ಇದ್ರ ಮೊದಲು ಎತ್ತಿ ಒಳಗೋಡಿಗೆ ಇಡ್ರಿ. ಮೂರು ಕಡೆ ಥರ್ಮಾಕೋಲ್ ಹಚ್ರಿ. ಆಮ್ಯಾಲೆ ಅಳೀರಿ.

ಕೊಲಂಬಸ್, ಒಹಾಯೊದಿಂದ

ಥರ್ಮಾಕೋಲ್ ಸರಿ ಸರ್, ಆದರೆ ಮ್ಯಾಟ್ ಇರುವ ಪಕ್ಕಕ್ಕೆ ಬೇಡ, ಮೇಲಿನ ಜಾಲರಿಯನ್ನೂ ಮುಚ್ಚಬಾರದು.

ನಾನು ಡ್ಯೂಬಿಯಾ ಅನ್ನೋ ಬೇರೆ ಜಾತಿಯ ಜಿರಳೆ ಸಾಕುತ್ತೇನೆ, ಮಗಳ ಬಿಯರ್ಡೆಡ್ ಡ್ರ್ಯಾಗನ್ ಓತಿಗೆ ಊಟ. ಎರಡು ಚಳಿಗಾಲದ ಹಿಂದೆ ನೂರರ ಹತ್ತಿರ ಸತ್ತವು, ಥರ್ಮೋಸ್ಟಾಟ್ ಇದ್ದೂ. ಅದರ ತುದಿಯಲ್ಲಿ ಉಷ್ಣ ಅಳೆಯುವ ಸಣ್ಣ ತಂತಿ ಇರುತ್ತಲ್ಲ, ಅದಕ್ಕೆ ಹಚ್ಚಿದ್ದ ಟೇಪು ತೇವಕ್ಕೆ ಬಿಟ್ಟುಕೊಂಡು ತಂತಿ ನೆಲಕ್ಕೆ ಬಿದ್ದಿತ್ತು. ನೆಲ ತಣ್ಣಗಿತ್ತು. ಥರ್ಮೋಸ್ಟಾಟ್ ಪಾಪ, ಇನ್ನೂ ಚಳಿ ಇದೆ ಅಂತ ರಾತ್ರಿಯಿಡೀ ಕಾಯಿಸಿತು. ಬೆಳಿಗ್ಗೆ ನೋಡಿದರೆ ಉಳಿದವೆಲ್ಲ ಟ್ರೇಯ ತುತ್ತತುದಿಯಲ್ಲಿ ಒಂದರ ಮೇಲೊಂದು. ನುಣುಪು ಪ್ಲಾಸ್ಟಿಕ್ ಹತ್ತಲು ಇವಕ್ಕೆ ಬರುವುದಿಲ್ಲ, ಓಡಿಹೋಗಲು ದಾರಿಯೇ ಇರಲಿಲ್ಲ. ಮಿನಿಯಾಪೊಲಿಸ್ ಮೇಡಂ, ನಿಮ್ಮವು ಗಾಜು ಹತ್ತುತ್ತವೆ, ಅಂಚಿಗೆ ವ್ಯಾಸಲೀನ್ ಬಳಿದಿದ್ದೀರಿ ತಾನೆ?

ಅಂದಿನಿಂದ ತಂತಿಯನ್ನು ಮ್ಯಾಟು ಮತ್ತು ತೊಟ್ಟಿಯ ನಡುವೆ ಇಟ್ಟು ಅಲ್ಯೂಮಿನಿಯಂ ಟೇಪು ಹಾಕುತ್ತೇನೆ. ಒಳಗೆ ಬೇರೆ ಥರ್ಮಾಮೀಟರ್ ಒಂದಿದೆ, ಥರ್ಮೋಸ್ಟಾಟಿನ ಪರದೆಯನ್ನೊಂದೇ ನಂಬುವುದಿಲ್ಲ. ಇನ್ನೊಂದು: ಹೊಸ ಮ್ಯಾಟ್ ತಂದರೆ, ಹುಳ ಬಿಡುವ ಮೊದಲು ಖಾಲಿ ತೊಟ್ಟಿಗೆ ಹಚ್ಚಿ, ಥರ್ಮೋಸ್ಟಾಟ್ ಇಲ್ಲದೆ, ಹಗಲಲ್ಲಿ ನೀವು ಮನೆಯಲ್ಲಿರುವಾಗ ಬಿಟ್ಟು ನೋಡಿ. ಒಳಗಿನ ಗಾಳಿ 33-34 ದಾಟಿದರೆ ಆ ಮ್ಯಾಟು ನಿಮ್ಮ ತೊಟ್ಟಿಗೆ ದೊಡ್ಡದಾಯಿತು, ವಾಪಸ್ ಕೊಡಿ. ಥರ್ಮೋಸ್ಟಾಟ್ ಕೆಟ್ಟರೂ ಕೊಲ್ಲಲಾರದಷ್ಟು ದುರ್ಬಲ ಮ್ಯಾಟೇ ಒಳ್ಳೆಯದು. ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಸುತ್ತು ಜೋತುಬಿಟ್ಟು ಸಿಕ್ಕಿಸಿ, ನೀರು ಹನಿದರೆ ಅಲ್ಲೇ ತೊಟ್ಟಿಕ್ಕಲಿ. ಒಂದಕ್ಕೊಂದು ಸಿಕ್ಕಿಸಿದ ಎಕ್ಸ್‌ಟೆನ್ಶನ್ ಬೋರ್ಡ್ ಬೇಡ.

ಮೆಲ್ಬರ್ನ್‌ನಿಂದ

ತಳದ ಮ್ಯಾಟಿನ ವಿಷಯಕ್ಕೆ ನನ್ನದೂ ಒಂದು ಓಟು. ನಮ್ಮಲ್ಲಿರುವುದು ಕ್ವೀನ್ಸ್‌ಲ್ಯಾಂಡಿನ ದೈತ್ಯ ಬಿಲ ಜಿರಳೆ, ಒಂದೊಂದು 30 ಗ್ರಾಂ ಮೇಲೆ ತೂಗುತ್ತದೆ, ರೆಕ್ಕೆ ಇಲ್ಲ. ಕಾಡಿನಲ್ಲಿ ಒಂದು ಮೀಟರ್ ಆಳದವರೆಗೂ ಬಿಲ ತೋಡುತ್ತವೆ. ಇಂಥದಕ್ಕೆ ಅಡಿಯಿಂದ ಕಾಸಿದರೆ ಬಾವಿಯೊಳಗೆ ಒಲೆ ಹಚ್ಚಿದ ಹಾಗೆ. ನಾನು ಹಿಂದಿನ ಗೋಡೆಯ ಮೇಲ್ಭಾಗಕ್ಕೆ ಅಂಟಿಸಿದ್ದೇನೆ, ಇಲ್ಲಿ ಚಳಿಗಾಲವಾದ ಜುಲೈ-ಆಗಸ್ಟ್ ಬಿಟ್ಟರೆ ಹಚ್ಚುವುದೂ ಇಲ್ಲ.

ಮತ್ತೆ ಮಿನಿಯಾಪೊಲಿಸ್

ಎಲ್ಲರಿಗೂ ಥ್ಯಾಂಕ್ಸ್. ತೊಟ್ಟಿ ಕಿಟಕಿ ಪಕ್ಕದಲ್ಲೇ ಇತ್ತು, ಧಾರವಾಡದ ಸರ್ ಹೇಗೆ ಕಂಡುಹಿಡಿದರೋ. ಎತ್ತಿ ಒಳಗೋಡೆಗೆ ಇಟ್ಟು ಥರ್ಮಾಕೋಲ್ ಹಚ್ಚಿದ್ದಕ್ಕೇ ರಾತ್ರಿ 19 ನಿಂತಿತು. 8 ವ್ಯಾಟಿನ ಮ್ಯಾಟು, ಥರ್ಮೋಸ್ಟಾಟು ತಂದಾಯಿತು. ಶನಿವಾರ ಮನೆಯಲ್ಲಿರುತ್ತೇನೆ, ಹನ್ನೆರಡನ್ನೂ ಬಕೆಟ್ಟಿಗೆ ಹಾಕಿ ಖಾಲಿ ತೊಟ್ಟಿ ಕಾಯಿಸಿ ನೋಡುತ್ತೇನೆ. ಬಕೆಟ್ಟಿಗೂ ವ್ಯಾಸಲೀನ್ ಬೇಕಲ್ವಾ?

ಕೊಲಂಬಸ್‌ನಿಂದ

ಬೇಕು ಮೇಡಂ. ಎರಡು ಬೆರಳಗಲ. ಮುಚ್ಚಳಕ್ಕೆ ತೂತು ಮರೆಯಬೇಡಿ.