16:8 ಉಪವಾಸ: ಹನ್ನೊಂದಕ್ಕೆ ತಡೆಯಲಾಗದ ಹಸಿವು, ತೂಕ ಇಳಿಯುವ ಬದಲು ಏರ್ತಾ ಉಂಟು

ಲೋಕಲ್‌ಪ್ರಯಾಣಿಕೆ, ಡೊಂಬಿವಲಿ

ಹೆಂಗಸು, ಪ್ರಾಯ 38, ಎತ್ತರ 158 ಸೆಂ.ಮೀ. 16:8 (ದಿನಕ್ಕೆ 16 ಗಂಟೆ ಉಪವಾಸ, ಊಟವೆಲ್ಲ ಉಳಿದ 8 ಗಂಟೆಯೊಳಗೆ) ಶುರು ಮಾಡಿ ಏಳು ವಾರ. ಆಗ 68 ಕೆಜಿ, ಈಗ 69.4. ಮೊದಲ ಹತ್ತು ದಿನದಲ್ಲಿ ಒಂದು ಕೆಜಿ ಇಳಿದದ್ದು ಬಡ್ಡಿ ಸಮೇತ ವಾಪಸ್ ಬಂತು.

ಊಟದ ಹೊತ್ತು ಮಧ್ಯಾಹ್ನ 1ರಿಂದ ರಾತ್ರಿ 9. ಬೆಳಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, 6:15ಕ್ಕೆ ಹಾಲಿನ ಚಾ (ಸಕ್ಕರೆ ಇಲ್ಲ). 7:40ರ ಫಾಸ್ಟ್ ಲೋಕಲ್ ರೈಲು ಹಿಡಿದು ಮುಂಬಯಿಯ ಫೋರ್ಟ್‌ನ ಆಫೀಸಿಗೆ. 10ಕ್ಕೆ ಇನ್ನೊಂದು ಸಕ್ಕರೆ ಇಲ್ಲದ ಚಾ. 1ಕ್ಕೆ ಡಬ್ಬ: ತುಪ್ಪ ಸವರಿದ ಮೂರು ಚಪಾತಿ, ಬಟಾಟೆ ಹಾಕಿದ ಪಲ್ಯ, ಒಂದು ವಾಟಿ (ಸಣ್ಣ ಬಟ್ಟಲು) ಅನ್ನ, ದಾಲ್. 5ಕ್ಕೆ ಕಟಿಂಗ್ (ಅರ್ಧ ಗ್ಲಾಸ್) ಚಾ, ಆಫೀಸಿನವರ ಜೊತೆ ಒಂದು ಮುಷ್ಟಿ ಫರ್ಸಾಣ್ (ಕರಿದ ಖಾರದ ಕುರುಕಲು). ವಾರಕ್ಕೆ ಮೂರು ನಾಲ್ಕು ದಿನ ಸ್ಟೇಷನ್ನಿನಲ್ಲಿ ವಡಾಪಾವ್. 8:30ಕ್ಕೆ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಸಾರು, ತೆಂಗಿನತುರಿ ಹಾಕಿದ ಪಲ್ಯ ಅಥವಾ ಮೀನು. 9ರೊಳಗೆ ಮುಗಿಸಬೇಕೆಂದು ಸ್ವಲ್ಪ ಗಡಿಬಿಡಿ. ಮಂಗಳವಾರ ವ್ರತ, ಅವತ್ತು ಸಾಬುದಾಣೆ (ಸಬ್ಬಕ್ಕಿ) ಖಿಚಡಿ. ಶನಿವಾರ, ಭಾನುವಾರ ಮಾತ್ರ ಮನೆಯವರ ಜೊತೆ ಬೆಳಗ್ಗೆ 9ಕ್ಕೆ ನೀರ್‌ದೋಸೆ.

ಹನ್ನೊಂದು ಗಂಟೆಗೆ ಹೊಟ್ಟೆ ಹಿಂಡುತ್ತದೆ, ತಲೆನೋವು ಬರುತ್ತದೆ. ಏಳು ವಾರವಾದರೂ ದೇಹ ಯಾಕೆ ಒಗ್ಗಲಿಲ್ಲ? 16 ಗಂಟೆ ಏನೂ ತಿನ್ನದೆ ತೂಕ ಏರುವುದು ಹೇಗೆ? 18 ಗಂಟೆಗೆ ಹೋಗಬೇಕಾ?

*

ಅಳತೆಚಮಚ, ಮುಲುಂಡ್

18ಕ್ಕೆ ಹೋಗಬೇಡಿ. ಮೊದಲು ಲೆಕ್ಕ ನೋಡುವ.

ಏನೂ ಮಾಡದೆ ಮಲಗಿದ್ದರೂ ದೇಹ ಸುಡುವ ಕ್ಯಾಲೊರಿಯನ್ನು ಅಂದಾಜು ಮಾಡಲು ಹೆಂಗಸರಿಗೆ ಒಂದು ಸೂತ್ರ ಉಂಟು: ತೂಕ × 10, ಎತ್ತರ × 6.25, ಎರಡನ್ನೂ ಕೂಡಿಸಿ. ಅದರಿಂದ ವಯಸ್ಸು × 5 ಮತ್ತು 161 ಕಳೆಯಿರಿ. ನಿಮ್ಮ ಮೊದಲಿನ 68 ಕೆಜಿಗೆ ಅದು ಸುಮಾರು 1315. ಕುರ್ಚಿ ಕೆಲಸ, ಜೊತೆಗೆ ಸ್ಟೇಷನ್ ಮೆಟ್ಟಿಲು ಹತ್ತಿಳಿಯುವುದು ಎಂದುಕೊಂಡು 1.35ರಿಂದ ಗುಣಿಸಿದರೆ 1775. ತೂಕ ನಿಂತಲ್ಲೇ ನಿಲ್ಲಲು ದಿನಕ್ಕೆ ಇಷ್ಟು ಸಾಕು.

ಈಗ ಬರುವ ಕಡೆ. ಮೂರು ಚಪಾತಿ (ತಲಾ 30 ಗ್ರಾಂ ಹಿಟ್ಟು, ಅರ್ಧ ಚಮಚ ತುಪ್ಪ) 360. ಬಟಾಟೆ ಪಲ್ಯ 170, ಅದರಲ್ಲಿ 90 ಬರೀ ಎಣ್ಣೆಯದ್ದು. ಅನ್ನ, ದಾಲ್ 315. ಅಂದರೆ ಮಧ್ಯಾಹ್ನದ ಡಬ್ಬವೇ 850ರ ಹತ್ತಿರ. ರಾತ್ರಿಯ ಊಟ, ಎರಡು ಸಲ ಅನ್ನ ಬಡಿಸಿಕೊಂಡರೆ, 700. ಲೆಕ್ಕಕ್ಕೆ ಸೇರದೆ ಹೋಗುವುದು ಉಳಿದದ್ದು. ಮುಷ್ಟಿ ಫರ್ಸಾಣ್ ಅಂದರೆ 40 ಗ್ರಾಂ, 210 ಕ್ಯಾಲೊರಿ. ಸಕ್ಕರೆ ಹಾಕಿದ ಕಟಿಂಗ್ 60. ಬೆಳಗ್ಗಿನ ಎರಡು ಚಾದಲ್ಲಿ ಒಟ್ಟು 150 ಮಿ.ಲೀ. ಕೆನೆಹಾಲು ಇದ್ದರೆ 130. ಕೂಡಿಸಿದರೆ 1950. ವಡಾಪಾವ್ ದಿನ ಇನ್ನೊಂದು 300, ಅಂದರೆ 2250. ಸರಾಸರಿಯಲ್ಲಿ ದಿನಕ್ಕೆ 300 ಹೆಚ್ಚು ಬೀಳುತ್ತದೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. 49 ದಿನದಲ್ಲಿ ತೂಕ ಯಾಕೆ ಏರಿತು ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅಂದಾಜಿನಲ್ಲಿ ನೂರಿನ್ನೂರು ಅತ್ತಿತ್ತ ಆಗಬಹುದು, ದಿಕ್ಕು ಬದಲಾಗದು.

ಮೊದಲ ಹತ್ತು ದಿನದ ಆ ಒಂದು ಕೆಜಿ ಬಹುಮಟ್ಟಿಗೆ ನೀರು. ದೇಹದಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅದು ಖರ್ಚಾದಾಗ ನೀರೂ ಹೋಗುತ್ತದೆ, ಸರಿಯಾಗಿ ಉಂಡ ದಿನ ಎರಡೂ ವಾಪಸ್. ಮುಟ್ಟಿನ ಮುಂಚಿನ ದಿನಗಳಲ್ಲಿ, ಫರ್ಸಾಣ್‌ನಂಥ ಉಪ್ಪಿನ ತಿಂಡಿ ತಿಂದ ಮರುದಿನ ಕೂಡ ಒಂದು ಕೆಜಿ ಹೆಚ್ಚು ತೋರಿಸುತ್ತದೆ. ದಿನಾ ಬೆಳಗ್ಗೆ ಶೌಚದ ನಂತರ ತೂಗಿ ಬರೆದಿಡಿ, ಆದರೆ ವಾರದ ಸರಾಸರಿ ಮಾತ್ರ ನೋಡಿ. ಅದನ್ನೂ ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸಿ.

ಎಣ್ಣೆ ಬಗ್ಗೆ ಒಂದು ಮಾತು. ನಾಲ್ಕು ಜನರ ಮನೆಯಲ್ಲಿ 5 ಲೀಟರಿನ ಕ್ಯಾನ್ ತಿಂಗಳಿಗೆ ಖಾಲಿಯಾದರೆ ತಲೆಗೆ ದಿನಕ್ಕೆ 40 ಮಿ.ಲೀ. ದಾಟಿತು, 340 ಕ್ಯಾಲೊರಿ. ಬೆಳಗ್ಗೆಯೇ ಒಂದು ವಾಟಿಗೆ 80 ಮಿ.ಲೀ. ಅಳೆದಿಟ್ಟು ಇಡೀ ದಿನ ಅದರಲ್ಲೇ ನಾಲ್ವರ ಅಡಿಗೆ ಮುಗಿಸಿ. ಕ್ಯಾನ್‌ನಿಂದ ನೇರ ಬಾಣಲೆಗೆ ಸುರಿಯುವ ಕೈಗೆ ಅಳತೆ ಗೊತ್ತಿರುವುದಿಲ್ಲ.

*

ಜೋಳದರೊಟ್ಟಿ, ಚಿಂಚವಡ

ಅಕ್ಕಾರ, ಹಸಿವಿ ಮಾತು ನಾ ಹೇಳ್ತೀನಿ.

ಗ್ರೆಲಿನ್ ಅಂತ ಹಸಿವಿ ಹುಟ್ಟಿಸೋ ಒಂದು ಹಾರ್ಮೋನು ಅದ, ಹೊಟ್ಟ್ಯಾಗಿಂದ ಬರ್ತದ. ದಿನಾ ಯಾವ ಹೊತ್ತಿಗೆ ಉಣ್ತೀರೋ ಅದಕ್ಕಿಂತ ಸ್ವಲ್ಪ ಮೊದಲ ಏರ್ತದ. ತಿನ್ನಲಿಲ್ಲಂದ್ರೂ ಒಂದೆರಡು ತಾಸಿನ್ಯಾಗ ತಾನ ಇಳೀತದ. ಹೊತ್ತು ಬದಲ ಮಾಡಿದ್ರ ಅದೂ ಬದಲ ಆಗ್ತದ, ಆದ್ರ ದಿನಾ ಒಂದ ಹೊತ್ತು ಇರಬೇಕು. ನೀವು ಐದು ದಿನ 1ಕ್ಕ, ಎರಡು ದಿನ 9ಕ್ಕ. ಸೋಮವಾರ ಬಂದ್ರ ಹೊಟ್ಟಿ ಮತ್ತ ಮುಂಜಾನಿ ದೋಸೆ ದಾರಿ ನೋಡ್ತದ. ಏಳು ವಾರ ಅಲ್ಲ, ಏಳು ತಿಂಗಳಾದ್ರೂ ಹಿಂಗ ಇದ್ರ ಒಗ್ಗೋದಿಲ್ಲ. ಶನಿವಾರ, ಐತವಾರನೂ ಅದ ಹೊತ್ತು ಹಿಡೀರಿ, ಎರಡು ವಾರ ಬಿಟ್ಟು ಹೇಳ್ರಿ.

ಎರಡನೇದು, 1 ಗಂಟೆ ಅನ್ನೋದ ನಿಮಗ ತಡ. 6ಕ್ಕ ಏಳೋರು, ತಾಸುಗಟ್ಲೆ ಲೋಕಲ್‌ನ್ಯಾಗ ನಿಂತು ಬರೋರು. ಅಷ್ಟೊತ್ತು ಹಸಿದು ಕೂತ್ರ ಸಂಜೀಕ ಫರ್ಸಾಣ್ ಡಬ್ಬಿ ಕಂಡಾಗ ಕೈ ನಿಲ್ಲೋದಿಲ್ಲ. ಮೊದಲ ಊಟ ಮುಂಜಾನಿ 10ಕ್ಕ ತರ್ರಿ.

ಆ ಊಟದಾಗ ಪ್ರೋಟೀನು 25 ಗ್ರಾಂ ಇರಲಿ. ಈಗ ನಿಮ್ಮ ಇಡೀ ದಿನದ್ದು ಕೂಡಿಸಿದ್ರ 50 ದಾಟೋದಿಲ್ಲ. ತೂಕ ಇಳಿಸೋ ಹೊತ್ತಿನ್ಯಾಗ ಕೆಜಿಗೆ 1.1ರಿಂದ 1.2 ಗ್ರಾಂ ಹಿಡಿದ್ರ 75-80 ಬೇಕು, ಇಲ್ಲಂದ್ರ ಕೊಬ್ಬಿನ ಜೋಡಿ ಮಾಂಸಖಂಡನೂ ಕರಗ್ತದ. (ಕಿಡ್ನಿ ತೊಂದರಿ ಇದ್ದವರು ಈ ಅಂಕಿ ಹಿಡೀಬ್ಯಾಡ್ರಿ.)

ಡಬ್ಬಿಗೆ ಝುಣಕ ಛಲೋ. ಒಬ್ಬರಿಗೆ 50 ಗ್ರಾಂ ಕಡ್ಲಿಹಿಟ್ಟು, ಅಂದ್ರ ತಲಿ ಸವರಿದ ಅರ್ಧ ವಾಟಿ. ಮೊದಲ ಎಣ್ಣಿ ಇಲ್ಲದ ಸಣ್ಣ ಉರಿ ಮ್ಯಾಲೆ ಘಮ ಬರೋತನ ಹುರಿದು ತೆಗೀರಿ. ಹಿಂಗ ಮಾಡಿದ್ರ ಹಸಿ ವಾಸನಿ ಹೋಗ್ತದ, ಎಣ್ಣಿ ಅರ್ಧಕ್ಕ ಸಾಕಾಗ್ತದ. ಎರಡು ಚಹಾ ಚಮಚ ಎಣ್ಣಿಗೆ ಸಾಸಿವಿ, ಜೀರಗಿ, ಬಳ್ಳೊಳ್ಳಿ, ಒಂದು ದೊಡ್ಡ ಉಳ್ಳಾಗಡ್ಡಿ, ಅರಿಶಿಣ, ಖಾರಪುಡಿ, ಉಪ್ಪು. ಒಂದೂಕಾಲು ವಾಟಿ ನೀರು ಕುದ್ದ ಮ್ಯಾಲೆ ಒಂದು ಕೈಲೆ ಹಿಟ್ಟು ಉದುರಿಸ್ತಾ, ಇನ್ನೊಂದು ಕೈಲೆ ತಿರುವ್ರಿ. ಒಮ್ಮೆಲೆ ಸುರಿದ್ರ ಗಂಟಾಗ್ತದ. ಮುಚ್ಚಿ ಐದು ನಿಮಿಷ. ಒಂದು ಜೋಳದ ರೊಟ್ಟಿ (60 ಗ್ರಾಂ ಹಿಟ್ಟು), 200 ಗ್ರಾಂ ಮೊಸರು ಜೋಡಿ. ಒಟ್ಟು 24 ಗ್ರಾಂ ಪ್ರೋಟೀನು, 625 ಕ್ಯಾಲೊರಿ. ಸಂಜೀತನ ಹೊಟ್ಟಿ ತಕರಾರು ಮಾಡೋದಿಲ್ಲ.

ಇನ್ನ ಮಂಗಳವಾರದ ಸಾಬುದಾಣಿ. ಇಲ್ಲಿ ಮರಾಠಿಯವರು ತಾವ ನಗತಾರ, ‘ಏಕಾದಶಿ, ದುಪ್ಪಟ್ ಖಾಶಿ’ (ಉಪಾಸದ ದಿನಾನ ಎರಡು ಪಟ್ಟು ತಿನ್ನೋದು) ಅಂತ. 75 ಗ್ರಾಂ ಸಾಬುದಾಣಿ 265, ಶೇಂಗಾಪುಡಿ 30 ಗ್ರಾಂ 170, ಒಂದು ದೊಡ್ಡ ಚಮಚ ತುಪ್ಪ 120, ಬಟಾಟಿ 40. ಹತ್ರಹತ್ರ 600 ಆತು, ಪ್ರೋಟೀನು ಎಂಟು ಗ್ರಾಂನೂ ಇಲ್ಲ, ಇದ್ದಷ್ಟೂ ಶೇಂಗಾದ್ದ. ಸಾಬುದಾಣಿ ಅಂದ್ರ ಬರೀ ಪಿಷ್ಟ, ಲಗೂನ ಸಕ್ಕರಿ ಆಗ್ತದ, ಲಗೂನ ಮತ್ತ ಹಸಿವಿ. ವ್ರತ ಬಿಡಬ್ಯಾಡ್ರಿ, ಖಿಚಡಿ ಬಿಡ್ರಿ. ರಾಜಗಿರಿ ಹಿಟ್ಟಿನ ರೊಟ್ಟಿ, ಮೊಸರು, ಒಂದಿಷ್ಟು ಪನೀರ್ ಉಪಾಸಕ್ಕ ನಡೀತದ.

ತಲಿನೋವು ಬಹಳ ಸಲ ನೀರು ಕಡಿಮಿ ಆಗಿ ಬರ್ತದ. ಲೋಕಲ್‌ನ್ಯಾಗ ತೊಂದರಿ ಅಂತ ಹೆಣ್ಣಮಕ್ಕಳು ಮುಂಜಾನಿ ನೀರ ಕುಡಿಯೋದಿಲ್ಲ. ಆಫೀಸು ಮುಟ್ಟಿದ ಕೂಡಲೆ ಅರ್ಧ ಲೀಟರ್ ಕುಡೀರಿ.

*

ನಿಂಬೆಶರಬತ್ತು, ವಾಶಿ

ಬೆಳಗ್ಗೆ ಬಿಸಿನೀರಿಗೆ ನಿಂಬೆ, ಜೇನು ಹಾಕಿ ಕುಡಿಯಿರಿ, ಕೊಬ್ಬು ಕರಗುತ್ತದೆ. ಉಪವಾಸವೂ ಮುರಿಯುವುದಿಲ್ಲ.

*

ಅಳತೆಚಮಚ, ಮುಲುಂಡ್

ಒಂದು ದೊಡ್ಡ ಚಮಚ ಜೇನು 60 ಕ್ಯಾಲೊರಿ, ಎಲ್ಲ ಸಕ್ಕರೆಯೇ. ಉಪವಾಸ ಅಲ್ಲೇ ಮುರಿಯಿತು. ನಿಂಬೆಗೆ ಕೊಬ್ಬು ಕರಗಿಸುವ ಶಕ್ತಿ ಪಾತ್ರೆ ತೊಳೆಯುವಾಗ ಮಾತ್ರ.

*

ಬಾಂಗ್ಡೆಗಸಿ, ಮಡಗಾಂವ್

ಎಲ್ಲರೂ ಕ್ಯಾಲೊರಿ ಹಿಂದೆ ಬಿದ್ದಿದ್ದೀರಿ, 6 ಮತ್ತು 6:15ರ ನಡುವಿನ ಎಡವಟ್ಟು ಯಾರೂ ನೋಡಲಿಲ್ಲ. ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಹದಿನೈದು ನಿಮಿಷಕ್ಕೆ ಹಾಲಿನ ಚಾ ಕುಡಿದರೆ ಮಾತ್ರೆ ಪೂರ್ತಿ ಹೀರಿಕೊಳ್ಳುವುದಿಲ್ಲ. ಹಾಗೆ ತಿಂಗಳುಗಟ್ಟಲೆ ನಡೆದರೆ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಸಾಲದಾಗ ರಕ್ತದಲ್ಲಿ ಹೆಚ್ಚುವ ಹಾರ್ಮೋನು) ಏರಿ, ಸುಸ್ತು, ಬಾವು, ತೂಕ ಎಲ್ಲ ಸೇರುತ್ತದೆ. ಚಾವನ್ನು 7ಕ್ಕೆ ದೂಡಿ, ಹಾಲಿಲ್ಲದ ಕಪ್ಪು ಚಾ ಆದರೆ ಉಪವಾಸವೂ ಉಳಿಯಿತು. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ಸಮಯ ಸರಿ ಮಾಡಿ ಆರರಿಂದ ಎಂಟು ವಾರದ ನಂತರ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ. ಡೋಸ್ ನೀವಾಗಿ ಬದಲಿಸಬೇಡಿ.

ಇದನ್ನು ಓದುವ ಬೇರೆಯವರಿಗೂ ಹೇಳಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ದೂಡಿದರೆ ರಕ್ತದ ಸಕ್ಕರೆ 70ಕ್ಕಿಂತ (ಮಿ.ಗ್ರಾಂ/ಡೆ.ಲೀ.) ಕೆಳಗೆ ಬೀಳಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆಗ ಉಪವಾಸದ ಗಂಟೆ ಎಣಿಸಬೇಡಿ. ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ (ಇವೂ ಮಧುಮೇಹದ ಮಾತ್ರೆಗಳೇ) ತೆಗೆದುಕೊಳ್ಳುವವರು ದೀರ್ಘ ಉಪವಾಸ ಮಾಡಿದರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಸುಟ್ಟಾಗ ಹುಟ್ಟುವ ಆಮ್ಲ) ಅಪಾಯದ ಮಟ್ಟಕ್ಕೆ ಏರಬಹುದು. ಬಸುರಿಯರಿಗೆ, ಹಾಲೂಡುವವರಿಗೆ, ಹದಿನೆಂಟು ದಾಟದವರಿಗೆ ಇದು ಬೇಡ.

ಮೀನಿನ ವಿಷಯ ಕೇಳಲಿಲ್ಲ, ಆದರೂ. ಬಾಂಗ್ಡೆಯಲ್ಲಿ 100 ಗ್ರಾಂ ಮಾಂಸಕ್ಕೆ 19 ಗ್ರಾಂ ಪ್ರೋಟೀನ್ ಉಂಟು, ಪಾಪ ಬಾಂಗ್ಡೆ ತಪ್ಪೇನೂ ಮಾಡಿಲ್ಲ. ರವೆಯಲ್ಲಿ ಹೊರಳಿಸಿ ಕರಿದಾಗ ರವೆ ಎಣ್ಣೆ ಕುಡಿಯುತ್ತದೆ. ಮಸಾಲೆ ಹಚ್ಚಿ ಅರ್ಧ ಗಂಟೆ ಇಟ್ಟು, ಕಾದ ಕಬ್ಬಿಣದ ಕಾವಲಿಗೆ ಒಂದು ಚಮಚ ಎಣ್ಣೆ ಸವರಿ, ಒಂದು ಬದಿ ಬೇಯುವವರೆಗೆ ಮುಟ್ಟದೆ ಬಿಡಿ. ತಾನಾಗಿ ಕಾವಲಿ ಬಿಡುತ್ತದೆ, ಆಮೇಲೆ ಮಗುಚಿ. ಬೇಗ ಎಬ್ಬಿಸಿದರೆ ಚರ್ಮ ಕಾವಲಿಗೆ, ಮತ್ತೆ ಎಣ್ಣೆ ಸುರಿಯುವ ಮನಸ್ಸು ನಿಮಗೆ.

*

ಲೋಕಲ್‌ಪ್ರಯಾಣಿಕೆ, ಡೊಂಬಿವಲಿ

ಮಾತ್ರೆಯ ವಿಷಯ ಗೊತ್ತಿರಲಿಲ್ಲ, ನಾಳೆಯಿಂದಲೇ ಬದಲು. ಆದರೆ ಬೆಳಗ್ಗೆ 10ಕ್ಕೆ ಶುರು ಮಾಡಿದರೆ ಸಂಜೆ 6ಕ್ಕೆ ಮುಗಿಸಬೇಕಲ್ಲ. ಮನೆ ಸೇರುವುದೇ 8ಕ್ಕೆ. ಎಲ್ಲರೂ ಉಣ್ಣುವಾಗ ನಾನೊಬ್ಬಳು ಸುಮ್ಮನೆ ಕೂರುವುದು ಹೇಗೆ?

*

ಅಳತೆಚಮಚ, ಮುಲುಂಡ್

ಹದಿನಾರು ಗಂಟೆ ಅನ್ನುವುದು ಶಾಸ್ತ್ರವಲ್ಲ. 2020ರಲ್ಲಿ ಅಮೆರಿಕದಲ್ಲಿ 116 ಜನರ ಮೇಲೆ 12 ವಾರ ಇದೇ 16:8ನ್ನು ಪರೀಕ್ಷಿಸಿದರು. ದಿನಕ್ಕೆ ಮೂರು ಹೊತ್ತು ಉಂಡವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ತೂಕ ಇಳಿಯಲಿಲ್ಲ. 2022ರಲ್ಲಿ ಪ್ರಕಟವಾದ ಚೀನಾದ ಗುವಾಂಗ್‌ಝೌ ಅಧ್ಯಯನದಲ್ಲಿ 139 ಜನ, ಒಂದು ವರ್ಷ. ಎರಡೂ ಗುಂಪಿಗೆ ಅಷ್ಟೇ ಕ್ಯಾಲೊರಿ, ಒಂದಕ್ಕೆ ಮಾತ್ರ ಬೆಳಗ್ಗೆ 8ರಿಂದ ಸಂಜೆ 4ರ ಗಡಿ. ಗಡಿ ಇದ್ದವರು 8 ಕೆಜಿ, ಇಲ್ಲದವರು 6.3 ಕೆಜಿ ಇಳಿಸಿದರು. ಸಂಖ್ಯಾಶಾಸ್ತ್ರದ ಪ್ರಕಾರ ಆ ಅಂತರ ಖಚಿತವೆನ್ನುವಷ್ಟು ದೊಡ್ಡದಲ್ಲ. ಗಡಿಯಾರದಿಂದ ಇರುವ ಉಪಯೋಗ ಇಷ್ಟೇ: ಕೆಲವರಿಗೆ ರಾತ್ರಿಯ ಕುರುಕಲು ತಪ್ಪುತ್ತದೆ. ನಿಮಗೆ ಅದು ಸಂಜೆಯ ಕುರುಕಲನ್ನು ತಂದಿದೆ.

ಎರಡು ಡಬ್ಬ ಒಯ್ಯಿರಿ. 10ಕ್ಕೆ ಚಿಂಚವಡದವರ ಝುಣಕ, ರೊಟ್ಟಿ. 1:30ಕ್ಕೆ ಒಂದು ಪೇರಳೆ, 30 ಗ್ರಾಂ ಹುರಿಗಡಲೆ: ಸುಮಾರು 200. ಸಂಜೆ 5:45ಕ್ಕೆ, ಆಫೀಸು ಬಿಡುವ ಮುಂಚೆ, ಎರಡನೇ ಡಬ್ಬ: 150 ಗ್ರಾಂ ಅನ್ನ, ಬಾಂಗ್ಡೆ ಗಸಿ ಅಥವಾ ಮೊಳಕೆ ಮಟಕಿ (ಮಡಿಕೆ ಕಾಳು) ಉಸಳ್, ಒಂದು ಸೊಪ್ಪಿನ ಪಲ್ಯ: 500. ಹೊಟ್ಟೆ ತುಂಬಿದವರಿಗೆ ಸ್ಟೇಷನ್ನಿನ ವಡಾಪಾವ್ ಬರೀ ಪರಿಮಳ. ರಾತ್ರಿ 8:30ಕ್ಕೆ ಮನೆಯವರ ಜೊತೆ ಕೂತು ಒಂದು ಬಟ್ಟಲು ಸಾರು, ಎರಡು ಬೇಯಿಸಿದ ಮೊಟ್ಟೆ. ಒಟ್ಟು 1,500ರ ಆಸುಪಾಸು, ಮೀನಿನ ದಿನ ಪ್ರೋಟೀನ್ 75ರ ಹತ್ತಿರ, ಮಟಕಿ ದಿನ ಸ್ವಲ್ಪ ಕಡಿಮೆ. ಉಪವಾಸ ಹದಿಮೂರು ಗಂಟೆ ಚಿಲ್ಲರೆ ಆಗುತ್ತದೆ, ಸಾಕು.

ವಾರಕ್ಕೆ ಕಾಲು ಕೆಜಿ ಇಳಿಯಬಹುದು, ಹೆಚ್ಚು ಕಾಯಬೇಡಿ. ಸೊಂಟದ ಸುತ್ತಳತೆಯನ್ನೂ ಬರೆದಿಡಿ, ನಮ್ಮ ಹೆಂಗಸರಿಗೆ 80 ಸೆಂ.ಮೀ. ಗಡಿ. ನಾಲ್ಕು ವಾರವಾದರೂ ಸರಾಸರಿ ಕದಲದಿದ್ದರೆ ಗಂಟೆ ಹೆಚ್ಚಿಸಬೇಡಿ, ಮೊದಲು ಎಣ್ಣೆಯ ವಾಟಿ ನೋಡಿ. ಆ ಟಿಎಸ್‌ಎಚ್ ವರದಿಯೂ ಅಷ್ಟರ ಹೊತ್ತಿಗೆ ಹತ್ತಿರ ಬಂದಿರುತ್ತದೆ.

*

ಜೋಳದರೊಟ್ಟಿ, ಚಿಂಚವಡ

ಝುಣಕ ಆರಿದ ಮ್ಯಾಲೆ ಡಬ್ಬಿ ಮುಚ್ರಿ ಅಕ್ಕಾರ. ಬಿಸಿ ಇದ್ದಾಗ ಮುಚ್ಚಿದ್ರ 10 ಗಂಟೇಕ ನೀರು ಬಿಟ್ಟಿರ್ತದ.