‘ಟಾಲರ್’ಗೆ ‘ದ’ ಬೇಡ, ‘ಟಾಲೆಸ್ಟ್’ಗೆ ಬೇಕು: ಮಗಳಿಗೆ ಹೇಗೆ ಹೇಳಿಕೊಡಲಿ?

ಪ್ರಶ್ನೆ:
ನಾನು ಓದಿದ್ದು ಕನ್ನಡ ಮೀಡಿಯಂ. ಮಗಳು ಈಗ ಎಂಟನೇ ಕ್ಲಾಸ್. ‘ಷಿ ಈಸ್ ದ ಟಾಲರ್ ದ್ಯಾನ್ ಮಿ’ ಅಂತ ಬರೆದಿದ್ದಳು, ‘ದ’ ಮೇಲೆ ಕೆಂಪು ಗೆರೆ. ‘ಷಿ ಈಸ್ ಟಾಲೆಸ್ಟ್ ಗರ್ಲ್ ಇನ್ ದ ಕ್ಲಾಸ್’ ಅಂತ ಬರೆದರೆ ಅಲ್ಲಿ ‘ದ’ ಸೇರಿಸಿದ್ದಾರೆ. ಸರಿ, ‘ಟಾಲರ್’ಗೆ ಬೇಡ, ‘ಟಾಲೆಸ್ಟ್’ಗೆ ಬೇಕು ಅಂತ ಹೇಳಿಕೊಟ್ಟೆ. ಮರುದಿನವೇ ಪಾಠದಲ್ಲಿ ‘ದ ಟಾಲರ್ ಆಫ್ ದ ಟೂ’ ಅಂತ ಬಂತು. ‘ಅಮ್ಮ, ನೀನು ಹೇಳಿದ್ದು ತಪ್ಪು’ ಅಂದಳು. ನೀವೆಲ್ಲ ಇದನ್ನು ಹೇಗೆ ಕಲಿತಿರಿ, ಹೇಗೆ ಕಲಿಸಿದಿರಿ? ದಯವಿಟ್ಟು ಹೇಳಿ.

ಟ್ಯೂಷನ್ ಟೀಚರ್, ಚಿತ್ರದುರ್ಗ:
ಅಕ್ಕ, ನೀವು ಹೇಳಿಕೊಟ್ಟದ್ದು ಪೂರ್ತಿ ತಪ್ಪಲ್ಲ, ಅರ್ಧ ಅಷ್ಟೆ. ನಮ್ಮಲ್ಲಿ ‘ದ’ ಅನ್ನುವುದೇ ಇಲ್ಲ. ‘ಎತ್ತರ’ ಅನ್ನುವ ಪದವೂ ಬದಲಾಗುವುದಿಲ್ಲ. ಅವಳಿಗಿಂತ ಎತ್ತರ, ಎಲ್ಲರಿಗಿಂತ ಎತ್ತರ. ಕೆಲಸವೆಲ್ಲ ‘ಗಿಂತ’ ಮಾಡುತ್ತದೆ. ಅದಕ್ಕೇ ನಾನು ಮೊದಲು ಮಕ್ಕಳ ಬಾಯಲ್ಲಿ ಕನ್ನಡ ವಾಕ್ಯ ಹೇಳಿಸುತ್ತೇನೆ.

ಇಬ್ಬರನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸುತ್ತೇನೆ. ತಲೆಯ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ. ‘ಇವಳು ಅವಳಿಗಿಂತ ಎತ್ತರ.’ ಇಲ್ಲಿ ಬರೀ ಅಳತೆ ಹೇಳಿದೆವು. ‘ಗಿಂತ’ ಇದೆ, ‘ದ್ಯಾನ್’ ಬರುತ್ತದೆ, ‘ದ’ ಬೇಡ. ಆಮೇಲೆ ‘ಈ ಇಬ್ಬರಲ್ಲಿ ಎತ್ತರ ಯಾರು?’ ಅಂತ ಕೇಳುತ್ತೇನೆ. ಉಳಿದ ಮಕ್ಕಳೆಲ್ಲ ಬೆರಳು ತೋರಿಸುತ್ತಾರೆ. ಆ ಬೆರಳೇ ‘ದ’. ಇಬ್ಬರಲ್ಲಿ ಒಬ್ಬಳನ್ನು ತೋರಿಸಿದರೆ ‘ದ ಟಾಲರ್’. ಮೂವರಲ್ಲಿ, ಮೂವತ್ತು ಜನರಲ್ಲಿ ಒಬ್ಬಳನ್ನು ತೋರಿಸಿದರೆ ‘ದ ಟಾಲೆಸ್ಟ್’.

ನಮ್ಮ ಮಕ್ಕಳು ಜಾಸ್ತಿ ಎಡವುವುದು ‘ಎಲ್ಲರಿಗಿಂತ’ ಬಂದಾಗ. ‘ದ ಟಾಲೆಸ್ಟ್ ದ್ಯಾನ್ ಆಲ್’ ಅಂತ ಬರೆದುಬಿಡುತ್ತಾರೆ. ‘ದ್ಯಾನ್’ ಇಟ್ಟುಕೊಂಡರೆ ‘ಟಾಲರ್ ದ್ಯಾನ್ ಆಲ್ ದಿ ಅದರ್ಸ್’. ಇಲ್ಲದಿದ್ದರೆ ‘ದ ಟಾಲೆಸ್ಟ್ ಇನ್ ದ ಕ್ಲಾಸ್’. ಮುಳ್ಳಯ್ಯನಗಿರಿ ‘ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’. ‘ಕರ್ನಾಟಕದ’ ಅಂತ ಯೋಚಿಸಿ ‘ಆಫ್’ ಹಾಕುವವರೂ ಇದ್ದಾರೆ, ಊರು, ನಾಡು, ಕ್ಲಾಸಿಗೆ ‘ಇನ್’ ಅಂತಲೇ ರೂಢಿ ಮಾಡಿಸಿ.

ಪರ್ಚೇಸ್ ಕೆಲಸ, ಪುಣೆ:
ಟೀಚರ್ ಹೇಳಿದ ಬೆರಳಿನ ಮಾತು ನನಗೆ ಹತ್ತು ವರ್ಷ ಮೊದಲೇ ಸಿಕ್ಕಿದ್ದರೆ ಚೆನ್ನಾಗಿತ್ತು. ಒಬ್ಬ ಸಪ್ಲೈಯರ್ ಎರಡು ಕೊಟೇಶನ್ ಕಳಿಸಿದ್ದರು. ಎರಡೂ ದುಬಾರಿ. ಇನ್ನೂ ಕಡಿಮೆ ರೇಟಿನದು ಬೇಕಿತ್ತು. ‘ಪ್ಲೀಸ್ ಸೆಂಡ್ ದ ಬೆಟರ್ ಕೊಟೇಶನ್’ ಅಂತ ಮೇಲ್ ಹಾಕಿದೆ. ಮರುದಿನ ಅವೇ ಎರಡರಲ್ಲಿ ಕಡಿಮೆ ರೇಟಿನದನ್ನು ಮತ್ತೆ ಕಳಿಸಿದರು! ತಪ್ಪು ಅವರದಲ್ಲ. ‘ದ ಬೆಟರ್’ ಅಂದರೆ ಎರಡರಲ್ಲಿ ಒಳ್ಳೆಯದು. ನಾನು ಬರೆಯಬೇಕಿದ್ದದ್ದು ‘ಎ ಬೆಟರ್ ಕೊಟೇಶನ್’, ಇವಕ್ಕಿಂತ ಒಳ್ಳೆಯ ಇನ್ನೊಂದು. ‘ಇನ್ನೊಂದು’ ಅಂತ ಮನಸ್ಸಿನಲ್ಲಿದ್ದರೆ ‘ಎ’. ‘ಎ ಬಿಗ್ಗರ್ ಹೌಸ್’, ‘ಎ ಚೀಪರ್ ಫೋನ್’ ಎಲ್ಲ ಹೀಗೇ. ಆ ‘ಎ’ ಮನೆಗೆ, ಫೋನಿಗೆ ಸೇರಿದ್ದು. ‘ಬಿಗ್ಗರ್’ ಆದ ಮೇಲೆ ವಸ್ತುವಿನ ಹೆಸರು ಬರದಿದ್ದರೆ ಆ ‘ಎ’ ಕೂಡ ಬೇಡ: ‘ದಿಸ್ ಹೌಸ್ ಈಸ್ ಬಿಗ್ಗರ್’.

ಶಿವಮೊಗ್ಗದಿಂದ:
‘ಎಷ್ಟು ಬೇಗ ಅಷ್ಟು ಒಳ್ಳೆಯದು’ ಅನ್ನುತ್ತೇವಲ್ಲ, ಅದು ‘ದ ಸೂನರ್ ದ ಬೆಟರ್’. ‘ಎಷ್ಟು’ ಇರುವ ಕಡೆ ಒಂದು ‘ದ’, ‘ಅಷ್ಟು’ ಇರುವ ಕಡೆ ಒಂದು. ಈ ‘ದ’ ಹಳೆಯ ಇಂಗ್ಲಿಷಿನ ಬೇರೊಂದು ರೂಪದಿಂದ ಬಂದದ್ದು. ಇಲ್ಲಿ ಬೆರಳಿನ ಲೆಕ್ಕ ಹಾಕಬೇಡಿ, ಜೋಡಿಯಾಗಿ ನೆನಪಿಟ್ಟುಕೊಂಡರೆ ಸಾಕು.

ನಿವೃತ್ತ ಹೈಸ್ಕೂಲ್ ಮೇಷ್ಟ್ರು, ತುಮಕೂರು:
‘ಎಸ್ಟ್’ ಕಂಡ ಕಡೆಯೆಲ್ಲ ‘ದ’ ಹಾಕುವ ಅಭ್ಯಾಸವೂ ಆಗದಿರಲಿ, ತಾಯಿ. ‘ಮೈ ಬೆಸ್ಟ್ ಫ್ರೆಂಡ್’ ಅನ್ನುವಾಗ ‘ಮೈ’ ಆಗಲೇ ಗುರುತು ಹೇಳಿದೆ. ಅಲ್ಲಿ ‘ದ’ಗೆ ಜಾಗವಿಲ್ಲ. ‘ಹೆಚ್ಚಿನ ಜನ’ ಅನ್ನಲು ‘ಮೋಸ್ಟ್ ಪೀಪಲ್’ ಸಾಕು.

ಇನ್ನೊಂದು ಸೂಕ್ಷ್ಮ ಇದೆ. ನಮ್ಮೂರ ಕೆರೆ ತೂಬಿನ ಹತ್ತಿರ ತುಂಬ ಆಳ. ಆ ಮಾತಿಗೆ ‘ದ ಟ್ಯಾಂಕ್ ಈಸ್ ಡೀಪೆಸ್ಟ್ ನಿಯರ್ ದ ಸ್ಲೂಸ್’ ಅನ್ನಬೇಕು, ‘ದ ಡೀಪೆಸ್ಟ್’ ಅಲ್ಲ. ಯಾಕೆಂದರೆ ಬೇರೆ ಕೆರೆಗಳ ಜೊತೆ ಹೋಲಿಸಲಿಲ್ಲ, ಅದೇ ಕೆರೆಯ ಒಂದು ಕಡೆಯನ್ನು ಇನ್ನೊಂದು ಕಡೆಯ ಜೊತೆ ಹೋಲಿಸಿದೆವು. ಅದೇ ತಾಲ್ಲೂಕಿನ ಕೆರೆಗಳಲ್ಲೆಲ್ಲ ನಮ್ಮದೇ ಆಳ ಅನ್ನುವುದಾದರೆ ‘ದ ಡೀಪೆಸ್ಟ್’. ಇದನ್ನು ಮಗುವಿಗೆ ಈಗಲೇ ಹೇಳಬೇಕಾಗಿಲ್ಲ. ಒಂಬತ್ತು, ಹತ್ತಕ್ಕೆ ಬಂದಾಗ ಹೇಳಿ.

ಕೇಳಿದವರು:
ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಊಟ ಮಾಡುತ್ತಾ ‘ಅಕ್ಕತಂಗಿಯರಲ್ಲಿ ಅವಳೇ ಚಿಕ್ಕವಳು, ಇಂಗ್ಲಿಷಲ್ಲಿ ಹೇಳು’ ಅಂದೆ. ತಟ್ಟೆಯಿಂದ ತಲೆ ಎತ್ತಿ ಅವಳೇ ಕೇಳಿದಳು: ‘ಇಬ್ಬರೇನಾ ಅಮ್ಮ, ಇಲ್ಲ ಮೂರು ಜನನಾ?’